ವೈಟ್‌ಚಾಪೆಲ್‌ನ ಕಥೆಗಾರರು: ಆಧುನಿಕ ರಂಗಭೂಮಿಗೆ ಯಿಡ್ಡಿಶ್ ಭಾಷೆಯ ಕೊಡುಗೆ

(ಕೂಟದ ಅತಿಥಿ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲೇಖನರೂಪ)



ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ರಸ್ತೆಯನ್ನು ನಮ್ಮಲ್ಲಿ ಹಲವರು ಬಲ್ಲರು. ಕೆಲವರು ಅಲ್ಲಿಯ ಆಸ್ಪತ್ರೆಗೆ ಹೋಗಿಬಂದವರು. ಕೆಲವರು ಅಲ್ಲಿಯ ಬೀದಿಸಂತೆಯಲ್ಲಿ ಬೆಂಡೆಕಾಯಿ, ಹಾಗಲಕಾಯಿ ಕೊಂಡವರು. ಅದೇ ರಸ್ತೆಯಲ್ಲಿ ಪೆವಿಲಿಯನ್ ಎಂಬ ದೊಡ್ಡ ನಾಟಕಶಾಲೆಯೊಂದಿತ್ತು. 1906ರಿಂದ ಮುಂದೆ ಸುಮಾರು ಮೂರು ದಶಕಗಳ ಕಾಲ ಅದು ಲಂಡನ್ನಿನ ಯಿಡ್ಡಿಶ್ ರಂಗಭೂಮಿಯ ರಾಜಧಾನಿಯಾಗಿತ್ತು. 1930ರ ದಶಕದ ನಡುವೆ ಅದರ ಬಾಗಿಲು ಮುಚ್ಚಿತು. 1960ರ ದಶಕದ ಆರಂಭದಲ್ಲಿ ಕಟ್ಟಡವನ್ನೇ ಕೆಡವಿದರು.

ಕಟ್ಟಡ ಹೋಯಿತು, ನಟರು ಹೋದರು, ಆ ಭಾಷೆಯನ್ನು ಕೇಳಿ ನಗುತ್ತಿದ್ದ, ಅಳುತ್ತಿದ್ದ ಪ್ರೇಕ್ಷಕರೂ ಹೋದರು. ಆದರೆ ಆ ಭಾಷೆಯಲ್ಲಿ ಕಥೆ ಹೇಳುತ್ತಿದ್ದ ಕ್ರಮವೊಂದಿತ್ತಲ್ಲ, ಅದು ಹೋಗಲಿಲ್ಲ. ಅದು ಇಂಗ್ಲಿಷ್ ನಾಟಕದೊಳಗೆ ಸೇರಿಕೊಂಡು ಇಂದಿಗೂ ಬದುಕಿದೆ. ಅದು ಹೇಗೆ ಸಾಧ್ಯವಾಯಿತು, ಈ ದಾಟುವಿಕೆಯಲ್ಲಿ ಏನು ಉಳಿಯಿತು, ಏನು ಕಳೆಯಿತು ಎಂಬುದೇ ಇಂದಿನ ನನ್ನ ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇಂಗ್ಲಿಷ್ ಎಂದು ಬದುಕುತ್ತಿರುವ ನಮಗೆ ಈ ಪ್ರಶ್ನೆ ಪರರದ್ದಲ್ಲ.

ಮನೆಮಾತು ಮತ್ತು ದೇವಭಾಷೆ

ಯಿಡ್ಡಿಶ್ ಸುಮಾರು ಸಾವಿರ ವರ್ಷಗಳ ಹಿಂದೆ ರೈನ್ ನದಿಯ ಸುತ್ತಿನ ಪ್ರದೇಶದಲ್ಲಿ ನೆಲೆಸಿದ್ದ ಯಹೂದಿಗಳಲ್ಲಿ ಹುಟ್ಟಿದ ಭಾಷೆ. ಅದರ ಮೈಕಟ್ಟು ಜರ್ಮನ್ ಭಾಷೆಯದು, ಲಿಪಿ ಹೀಬ್ರೂ, ಶಬ್ದಭಂಡಾರಕ್ಕೆ ಹೀಬ್ರೂ, ಅರಮಾಯಿಕ್ ಮತ್ತು ಪೂರ್ವ ಯೂರೋಪಿನ ಸ್ಲಾವ್ ಭಾಷೆಗಳ ಕೊಡುಗೆ ಸೇರಿದೆ. ನಮ್ಮಲ್ಲಿ ಮಂತ್ರಕ್ಕೆ ಸಂಸ್ಕೃತ, ಮಾತಿಗೆ ಕನ್ನಡ ಇದ್ದಂತೆ ಅವರಲ್ಲಿ ಪ್ರಾರ್ಥನೆಗೂ ಶಾಸ್ತ್ರಕ್ಕೂ ಹೀಬ್ರೂ, ಅಡುಗೆಮನೆಗೂ ಸಂತೆಗೂ ಯಿಡ್ಡಿಶ್. ಪಂಡಿತರು ಅದನ್ನು ಭಾಷೆಯೆಂದು ಒಪ್ಪಲು ಹಿಂಜರಿದು ‘ಜಾರ್ಗನ್’ ಎಂದು ಹೀಗಳೆಯುತ್ತಿದ್ದರು. ಅದು ಹೆಂಗಸರ ಮಾತು, ಓದುಬರಹವಿಲ್ಲದವರ ಮಾತು ಎಂಬ ಭಾವನೆ ಬಹುಕಾಲ ಇತ್ತು.

ಹೀಗಳೆಯಲ್ಪಟ್ಟ ಭಾಷೆಗೆ ಒಂದು ಸ್ವಾತಂತ್ರ್ಯ ಇರುತ್ತದೆ. ಅದು ಗಂಭೀರವಾಗಿ ನಟಿಸಬೇಕಾಗಿಲ್ಲ. ಯಿಡ್ಡಿಶ್ ಈ ಸ್ವಾತಂತ್ರ್ಯವನ್ನು ಚೆನ್ನಾಗಿ ಬಳಸಿಕೊಂಡಿತು. ಊರಿಂದೂರಿಗೆ ಅಲೆಯುತ್ತಿದ್ದ ‘ಮಗ್ಗಿದ್’ ಎಂಬ ಬೋಧಕನು ಧರ್ಮಗ್ರಂಥದ ಒಂದು ವಾಕ್ಯವನ್ನು ಎತ್ತಿಕೊಂಡು, ಅದಕ್ಕೊಂದು ಉಪಕಥೆ, ಉಪಕಥೆಗೊಂದು ಹಾಸ್ಯ ಸೇರಿಸಿ, ಕೊನೆಗೆ ಕೇಳುಗರ ಕಣ್ಣಲ್ಲಿ ನೀರು ತರಿಸುತ್ತಿದ್ದನು. ನಮ್ಮ ಹರಿಕಥೆಯ ದಾಸರನ್ನು ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮದುವೆಮನೆಯಲ್ಲಿ ‘ಬದ್‌ಖನ್’ ಎಂಬ ವಿದೂಷಕನು ಆಶುಪದ್ಯ ಕಟ್ಟಿ ವಧುವನ್ನು ಮೊದಲು ಅಳಿಸಿ ಆಮೇಲೆ ನಗಿಸುತ್ತಿದ್ದನು. ಪೂರಿಮ್ ಹಬ್ಬದಲ್ಲಿ ರಾಣಿ ಎಸ್ತೇರಳ ಕಥೆಯನ್ನು ಮನೆಮನೆಗಳಲ್ಲಿ ವೇಷ ಕಟ್ಟಿ ಆಡುತ್ತಿದ್ದರು. ಯಿಡ್ಡಿಶ್ ನಾಟಕಕ್ಕೆ ಈ ಮೂವರೇ ಹಿರಿಯರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಾಯ್ಮಾತಿನ ಸಂಪತ್ತು ಸಾಹಿತ್ಯವಾಯಿತು. ಅದರ ಅತ್ಯಂತ ಪ್ರಿಯ ಲೇಖಕ ಶೋಲೆಮ್ ಅಲೈಖೆಮ್ (1859–1916). ಅದು ಕಾವ್ಯನಾಮ, ‘ನಿಮಗೆ ಶಾಂತಿ ಇರಲಿ’ ಎಂಬ ದಿನನಿತ್ಯದ ನಮಸ್ಕಾರವೇ ಆ ಹೆಸರು. ಅವನ ಹಲವು ಕಥೆಗಳಲ್ಲಿ ಲೇಖಕನು ಕಥೆ ಹೇಳುವುದಿಲ್ಲ. ಯಾರೋ ಬಂದು ಅವನ ಎದುರು ಕುಳಿತು ತಮ್ಮ ಕಥೆ ಹೇಳಿಕೊಳ್ಳುತ್ತಾರೆ, ಅವನು ಕೇಳುತ್ತಾನೆ. ಹಾಲು ಮಾರುವ ತೆವ್ಯೆ ಅವರಲ್ಲಿ ಪ್ರಸಿದ್ಧನು. 1894ರಿಂದ ಎರಡು ದಶಕಗಳ ಕಾಲ ಬಿಡಿಬಿಡಿಯಾಗಿ ಪ್ರಕಟವಾದ ಈ ಕಥೆಗಳಲ್ಲಿ ತೆವ್ಯೆ ತನ್ನ ಹೆಣ್ಣುಮಕ್ಕಳ ಪಾಡನ್ನು ಹೇಳುತ್ತಾ ಹೋಗುತ್ತಾನೆ. ಶಾಸ್ತ್ರವಾಕ್ಯಗಳನ್ನು ಉದ್ಧರಿಸುತ್ತಾನೆ, ಅರ್ಧ ಸರಿಯಾಗಿ, ಅರ್ಧ ತನಗೆ ಬೇಕಾದಂತೆ. ದೇವರನ್ನು ಪಕ್ಕದ ಮನೆಯವನಂತೆ ಮಾತಾಡಿಸುತ್ತಾನೆ, ಲೆಕ್ಕ ಕೇಳುತ್ತಾನೆ, ಕೊನೆಗೆ ಅವನಿಗೇ ಕೈಮುಗಿಯುತ್ತಾನೆ. ದಾಸರ ನಿಂದಾಸ್ತುತಿಯನ್ನು ಬಲ್ಲ ನಮಗೆ ಈ ಜಗಳದ ಹಿಂದಿನ ಸಲುಗೆ ಅಪರಿಚಿತವಲ್ಲ.

ಈ ಕಥನಕ್ರಮದ ಲಕ್ಷಣಗಳನ್ನು ಮೂರಾಗಿ ಹೇಳಬಹುದು. ಒಂದು, ಕಥೆಗೆ ಎದುರಿಗೊಬ್ಬ ಕೇಳುಗ ಬೇಕೇ ಬೇಕು. ಎರಡು, ದುಃಖದ ಮಾತು ಹಾಸ್ಯದ ಪಕ್ಕದಲ್ಲಿಯೇ ಕುಳಿತಿರುತ್ತದೆ. ಮೂರು, ದೊಡ್ಡ ಪ್ರಶ್ನೆಗೆ ಉತ್ತರ ತತ್ವದಿಂದ ಬರುವುದಿಲ್ಲ, ಇನ್ನೊಂದು ಕಥೆಯಿಂದ ಬರುತ್ತದೆ. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ರಂಗದ ಕಡೆಗೆ ಹೋಗೋಣ.

ಲಂಡನ್ನಿಗೆ ಬಂದ ರಂಗಭೂಮಿ

ವೃತ್ತಿಪರ ಯಿಡ್ಡಿಶ್ ನಾಟಕವು 1876ರಲ್ಲಿ ರುಮೇನಿಯಾದ ಯಾಶ್ ಪಟ್ಟಣದಲ್ಲಿ ಅಬ್ರಹಾಂ ಗೋಲ್ಡ್‌ಫಾಡೆನ್ ಎಂಬ ಕವಿಯಿಂದ ಆರಂಭವಾಯಿತು. ಪಾನಗೃಹಗಳಲ್ಲಿ ಹಾಡಿ ಹೊಟ್ಟೆಹೊರೆಯುತ್ತಿದ್ದ ಗಾಯಕರನ್ನು ಕೂಡಿಸಿ, ಹಾಡುಗಳ ನಡುವೆ ಮಾತು ಹೊಂದಿಸಿ, ಅವನು ನಾಟಕ ಕಟ್ಟಿದನು. ಏಳೇ ವರ್ಷಗಳಲ್ಲಿ, 1883ರಲ್ಲಿ, ರಷ್ಯನ್ ಸಾಮ್ರಾಜ್ಯವು ಯಿಡ್ಡಿಶ್ ನಾಟಕಗಳನ್ನು ನಿಷೇಧಿಸಿತು. ಅಷ್ಟರಲ್ಲಿ 1881ರಿಂದ ಅಲ್ಲಿ ಯಹೂದಿಗಳ ಮೇಲೆ ದಾಳಿಗಳು ಆರಂಭವಾಗಿ ಜನರು ಗುಳೆ ಎದ್ದಿದ್ದರು. ಮೊದಲ ಮಹಾಯುದ್ಧದೊಳಗೆ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಬ್ರಿಟನ್ನಿನಲ್ಲಿ ನೆಲೆಯೂರಿದರು. ಹೆಚ್ಚಿನವರು ಹಡಗುಕಟ್ಟೆಗಳಿಗೆ ಹತ್ತಿರವಾದ ವೈಟ್‌ಚಾಪೆಲ್, ಸ್ಟೆಪ್ನಿ, ಸ್ಪಿಟಲ್‌ಫೀಲ್ಡ್ಸ್ ಪ್ರದೇಶಗಳಲ್ಲಿ. ನಟರೂ ಅವರ ಹಿಂದೆಯೇ ಬಂದರು.

ಅವರಲ್ಲಿ ಮುಖ್ಯನು ಒಡೆಸ್ಸಾದ ಜೇಕಬ್ ಆಡ್ಲರ್. ಸ್ಪಿಟಲ್‌ಫೀಲ್ಡ್ಸ್‌ನ ಪ್ರಿನ್ಸಸ್ ಸ್ಟ್ರೀಟಿನಲ್ಲಿ, ಇಂದಿನ ಪ್ರಿನ್ಸ್‌ಲೆಟ್ ಸ್ಟ್ರೀಟಿನಲ್ಲಿ, 1886ರಲ್ಲಿ ಅವನ ತಂಡಕ್ಕೆಂದೇ ಒಂದು ಪುಟ್ಟ ನಾಟಕಮಂದಿರ ಸಿದ್ಧವಾಯಿತು. ಮರುವರ್ಷ ಜನವರಿ 18ರ ರಾತ್ರಿ, ತುಂಬಿದ ಸಭೆಯಲ್ಲಿ ಯಾರೋ ‘ಬೆಂಕಿ’ ಎಂದು ಕೂಗಿದರು. ಬೆಂಕಿ ಬಿದ್ದಿರಲಿಲ್ಲ. ಆದರೂ ಬಾಗಿಲ ಕಡೆಗೆ ನುಗ್ಗಿದ ಜನರ ಕಾಲ್ತುಳಿತದಲ್ಲಿ 17 ಮಂದಿ ಸತ್ತರು. ದಿನವಿಡೀ ಹೊಲಿಗೆಯ ಕೊಠಡಿಗಳಲ್ಲಿ ದುಡಿದು, ಸಂಜೆ ತಮ್ಮ ಮಾತು ಕೇಳಲೆಂದು ಬಂದವರು ಅವರು. ಆ ಬಳಿಕ ಆ ಮಂದಿರ ಚೇತರಿಸಿಕೊಳ್ಳಲಿಲ್ಲ. ಆಡ್ಲರ್ ಅಮೆರಿಕಕ್ಕೆ ಹೊರಟನು.

ನ್ಯೂಯಾರ್ಕಿನಲ್ಲಿ 1892ರಲ್ಲಿ ಅವನು ಜೇಕಬ್ ಗೋರ್ಡಿನ್ ಬರೆದ ‘ಯಹೂದಿ ರಾಜ ಲಿಯರ್’ ನಾಟಕದಲ್ಲಿ ಅಭಿನಯಿಸಿದನು. ಷೇಕ್ಸ್‌ಪಿಯರನ ರಾಜನು ಇಲ್ಲಿ ಆಸ್ತಿಯನ್ನು ಹೆಣ್ಣುಮಕ್ಕಳಿಗೆ ಹಂಚಿ ಬೀದಿಪಾಲಾಗುವ ವರ್ತಕನು. ಪ್ರೇಕ್ಷಕನೊಬ್ಬ ನಡುವೆ ಎದ್ದುನಿಂತು, ಆ ಮಕ್ಕಳನ್ನು ಬಿಟ್ಟು ನಮ್ಮ ಮನೆಗೆ ಊಟಕ್ಕೆ ಬಾ ಎಂದು ನಟನನ್ನು ಕರೆದನೆಂದೂ, ನಾಟಕ ನೋಡಿದವರು ಮರುದಿನ ಊರಿನಲ್ಲಿದ್ದ ತಂದೆತಾಯಿಗೆ ಹಣ ಕಳುಹಿಸಲು ಸಾಲುಗಟ್ಟುತ್ತಿದ್ದರೆಂದೂ ಪ್ರತೀತಿ ಇದೆ. ಪ್ರತೀತಿಯ ಪ್ರತಿ ಅಕ್ಷರ ನಿಜವಾಗಬೇಕಾಗಿಲ್ಲ. ಹೊರನಾಡಿನಲ್ಲಿ ಬದುಕುವವನಿಗೆ ಅದರ ಒಳಗಿನ ನಿಜ ಬೇಗನೆ ತಿಳಿಯುತ್ತದೆ.

ಲಂಡನ್ನಿನಲ್ಲಿ ಪೆವಿಲಿಯನ್ನಿನ ಜೊತೆಗೆ ಕಮರ್ಷಿಯಲ್ ರಸ್ತೆಯಲ್ಲಿ 1912ರಲ್ಲಿ ಫೈನ್‌ಮನ್ ಯಿಡ್ಡಿಶ್ ಜನತಾ ರಂಗಮಂದಿರ ಆರಂಭವಾಯಿತು. ಬಡವರು ಸಣ್ಣ ಸಣ್ಣ ಷೇರು ಕೊಂಡು ಕಟ್ಟಿದ ಆ ಮಂದಿರ ಕೆಲವೇ ತಿಂಗಳು ನಡೆಯಿತು. ಪೆವಿಲಿಯನ್ನಿನಲ್ಲಿ ಹೆಸರು ಮಾಡಿದ್ದ ಮಾರಿಸ್ ಮಾಸ್ಕೊವಿಚ್ 1919ರಲ್ಲಿ ಕೋರ್ಟ್ ಥಿಯೇಟರಿನಲ್ಲಿ ಇಂಗ್ಲಿಷಿನಲ್ಲಿಯೇ ಶೈಲಾಕನ ಪಾತ್ರ ವಹಿಸಿ ಲಂಡನ್ನಿನ ಗಮನ ಸೆಳೆದನು. ಪೂರ್ವದಿಂದ ಪಶ್ಚಿಮಕ್ಕೆ ದಾಟುವ ದಾರಿ ಹೀಗೆ ತೆರೆಯಿತು.

ಕೊನೆಯ ದೊಡ್ಡ ಯಶಸ್ಸಿನ ಕಥೆಯೂ ಕಥೆಯಂತೆಯೇ ಇದೆ. ಸಿಡ್ನಿ ಕೋಹನ್ ಎಂಬ ತರುಣ ಪೂರ್ವ ಲಂಡನ್ನಿನ ಕ್ಲಾಪ್ಟನ್ನಿನವನು; ದರ್ಜಿಯ ಕೈಕೆಳಗೆ ಬಟ್ಟೆ ಕತ್ತರಿಸುತ್ತಿದ್ದವನು; ಯುದ್ಧಕಾಲದಲ್ಲಿ ವಾಯುಪಡೆಯ ಸಾರ್ಜೆಂಟ್. 1943ರ ಜೂನಿನಲ್ಲಿ ಅವನ ವಿಮಾನ ದಿಕ್ಕುತಪ್ಪಿ, ಇಂಧನ ತೀರುತ್ತಾ ಬಂದು, ಇಟಲಿಯ ಲಾಂಪೆಡೂಸಾ ದ್ವೀಪದಲ್ಲಿ ಇಳಿಯಿತು. ಅಲ್ಲಿಯವರು ಹೋರಾಡುವ ಬದಲು ಬಿಳಿಯ ಬಟ್ಟೆ ಬೀಸುತ್ತಾ ಬಂದು ಅವನಿಗೇ ಶರಣಾದರು! ದರ್ಜಿಯಂಗಡಿಯ ಹುಡುಗ ದ್ವೀಪದ ರಾಜನಾದನೆಂದು ಪತ್ರಿಕೆಗಳು ಬರೆದವು. ಎಸ್. ಜೆ. ಹಾರೆಂಡಾರ್ಫ್ ಎಂಬ ಪತ್ರಕರ್ತನು ಇದನ್ನೇ ‘ಲಾಂಪೆಡೂಸಾದ ರಾಜ’ ಎಂಬ ಯಿಡ್ಡಿಶ್ ನಾಟಕವಾಗಿಸಿದನು. ಅದು ಆ ವರ್ಷದ ಕೊನೆಯಲ್ಲಿ ಕಮರ್ಷಿಯಲ್ ರಸ್ತೆಯ ಗ್ರ್ಯಾಂಡ್ ಪ್ಯಾಲೇ ಮಂದಿರದಲ್ಲಿ ಆರಂಭವಾಗಿ ತಿಂಗಳುಗಟ್ಟಲೆ ನಡೆಯಿತು. ಹೊರಗೆ 1944ರ ಬಾಂಬುದಾಳಿ. ಯೂರೋಪಿನಲ್ಲಿ ಆ ಭಾಷಿಕರ ಸಾಮೂಹಿಕ ಹತ್ಯೆ. ಒಳಗೆ ಒಬ್ಬ ದರ್ಜಿ ರಾಜನಾದ ಕನಸಿಗೆ ನಗು. ಕೋಹನ್ ಮಾತ್ರ ಆ ನಗುವಿಗೆ ಹಿಂದಿರುಗಲಿಲ್ಲ. 1946ರಲ್ಲಿ ಸೇವೆ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಅವನ ವಿಮಾನ ಕಾಣೆಯಾಯಿತು. 1970ರ ವೇಳೆಗೆ ಗ್ರ್ಯಾಂಡ್ ಪ್ಯಾಲೇಯಲ್ಲಿ ಯಿಡ್ಡಿಶ್ ನಾಟಕವೂ ನಿಂತಿತು.

ನಿಂತದ್ದಕ್ಕೆ ಕಾರಣ ಪ್ರೇಕ್ಷಕರಿಲ್ಲದಿರುವುದು. ಪ್ರೇಕ್ಷಕರಿಲ್ಲದಿರಲು ಕಾರಣ ಅವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದದ್ದು, ಪೂರ್ವ ಲಂಡನ್ನಿನಿಂದ ಉತ್ತರದ ಬಡಾವಣೆಗಳಿಗೆ ಮನೆ ಬದಲಿಸಿದ್ದು. ಅಲ್ಲಿ ಯಾರ ಅಪರಾಧವೂ ಇಲ್ಲ. ಮಕ್ಕಳು ಏಳಿಗೆಯಾಗಲೆಂದೇ ತಂದೆತಾಯಿಗಳು ಹಡಗು ಹತ್ತಿದ್ದರು.

1958: ಮಕ್ಕಳು ಮಾತಾಡಿದರು

ಆ ಮಕ್ಕಳಲ್ಲಿ ಮೂವರ ನಾಟಕಗಳು 1958ರ ಒಂದೇ ವರ್ಷದಲ್ಲಿ, ಒಂದೆರಡು ತಿಂಗಳ ಅಂತರದಲ್ಲಿ ರಂಗಕ್ಕೆ ಬಂದವು. ಮೂರೂ ಇಂಗ್ಲಿಷಿನಲ್ಲಿ.

ಮೊದಲನೆಯವನು ಸ್ಟೆಪ್ನಿಯಲ್ಲಿ ಹುಟ್ಟಿದ ಆರ್ನಾಲ್ಡ್ ವೆಸ್ಕರ್ (1932–2016). ಅವನ ‘ಚಿಕನ್ ಸೂಪ್ ವಿತ್ ಬಾರ್ಲಿ’ ನಾಟಕವು 1936ರ ಅಕ್ಟೋಬರ್ 4ರಂದು, ಫ್ಯಾಸಿಸ್ಟರ ಮೆರವಣಿಗೆಯನ್ನು ಜನ ಕೇಬಲ್ ಸ್ಟ್ರೀಟಿನಲ್ಲಿ ತಡೆದ ದಿನ ಆರಂಭವಾಗಿ, 1956ರ ಹಂಗೆರಿಯ ದುರಂತದ ಕಾಲಕ್ಕೆ ಮುಗಿಯುತ್ತದೆ. ಕಮ್ಯುನಿಸಮ್ಮಿನಲ್ಲಿ ನಂಬಿಕೆ ಕಳೆದುಕೊಂಡ ಮಗ ರಾನಿ, ಇನ್ನೂ ಏಕೆ ನಂಬಿರುವೆ ಎಂದು ತಾಯಿ ಸಾರಾಳನ್ನು ಕೇಳುತ್ತಾನೆ. ಆಕೆ ಸಿದ್ಧಾಂತ ಹೇಳುವುದಿಲ್ಲ. ಮಗಳು ಆಡಾಗೆ ಡಿಫ್ತೀರಿಯಾ ಎಂಬ ಗಂಟಲಮಾರಿ ಬಂದಾಗ, ತಾನು ಬಸುರಿಯಾಗಿ ಕೈಯಲ್ಲಿ ಕಾಸಿಲ್ಲದಿದ್ದಾಗ, ನೆರೆಯ ಹೆಂಗಸೊಬ್ಬಳು ಕೋಳಿ ಮತ್ತು ಬಾರ್ಲಿಯ ಸಾರು ಮಾಡಿಕೊಟ್ಟು ಮಗುವನ್ನು ಉಳಿಸಿದ ಕಥೆ ಹೇಳುತ್ತಾಳೆ. ನಾಟಕದ ಹೆಸರು ಬಂದದ್ದು ಈ ಕಥೆಯಿಂದ. ದೊಡ್ಡ ಪ್ರಶ್ನೆಗೆ ಇನ್ನೊಂದು ಕಥೆಯೇ ಉತ್ತರ ಎಂದೆನಲ್ಲ, ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಡಿಫ್ತೀರಿಯಾಕ್ಕೆ ಸಾರು ಔಷಧವಲ್ಲವೆಂದು ವೈದ್ಯಶಾಸ್ತ್ರ ಹೇಳೀತು. ಆದರೆ ಆ ತಾಯಿ ಹೇಳುತ್ತಿರುವುದು ಔಷಧದ ಮಾತಲ್ಲ.

ಎರಡನೆಯವನು ಬರ್ನಾರ್ಡ್ ಕಾಪ್ಸ್ (1926–2024). ಅವನ ಕುಟುಂಬ ಬಂದದ್ದು ಆಮ್‌ಸ್ಟರ್‌ಡಾಮಿನಿಂದ. ಆದರೂ ಅವನ ಕಿವಿಯನ್ನು ರೂಪಿಸಿದ್ದು ಸ್ಟೆಪ್ನಿಯ ಬೀದಿ. ‘ದಿ ಹ್ಯಾಮ್ಲೆಟ್ ಆಫ್ ಸ್ಟೆಪ್ನಿ ಗ್ರೀನ್’ ನಾಟಕದಲ್ಲಿ ಉಪ್ಪುಮೀನು ಮಾರುವ ತಂದೆ ಸತ್ತು ಪ್ರೇತವಾಗಿ ಮಗನ ಬಳಿ ಬರುತ್ತಾನೆ. ಷೇಕ್ಸ್‌ಪಿಯರನ ಪ್ರೇತ ಸೇಡು ಕೇಳಿದರೆ, ಈ ಪ್ರೇತ ಮಗನ ಸೇಡಿನ ಹುಚ್ಚು ಬಿಡಿಸಿ ಮನೆಯಲ್ಲಿ ಮದುವೆ ನಡೆಯುವಂತೆ ಮಾಡುತ್ತದೆ. ಮರಣದ ಮನೆಯಲ್ಲಿ ವಿದೂಷಕ ಕಾಲಿಟ್ಟಂತೆ.

ಮೂರನೆಯವನು ಹ್ಯಾಕ್ನಿಯ ಹೆರಾಲ್ಡ್ ಪಿಂಟರ್ (1930–2008). ವೆಸ್ಕರನಂತೆ ಅವನೂ ದರ್ಜಿಯ ಮಗ. 2005ರಲ್ಲಿ ನೊಬೆಲ್ ಪಡೆದವನು. ಅವನ ‘ದಿ ಬರ್ತ್‌ಡೇ ಪಾರ್ಟಿ’ ಲಂಡನ್ನಿನಲ್ಲಿ ಮೊದಲು ಒಂದೇ ವಾರಕ್ಕೆ ನಿಂತುಹೋಯಿತು. ಅದರಲ್ಲಿ ಗೋಲ್ಡ್‌ಬರ್ಗ್ ಎಂಬವನು ಒಬ್ಬ ಮನುಷ್ಯನನ್ನು ಹಿಡಿದೊಯ್ಯಲು ಬರುತ್ತಾನೆ. ಬಂದವನು ತನ್ನ ತಾಯಿ, ಚಿಕ್ಕಪ್ಪ ಬಾರ್ನಿ, ಬಾಲ್ಯದ ಊಟ ಎಂದು ಸಿಹಿಸಿಹಿಯಾದ ನೆನಪುಗಳನ್ನು ಹೇಳುತ್ತಲೇ ಇರುತ್ತಾನೆ. ಅದೇ ಮನೆಮಾತಿನ ಧಾಟಿ, ಅದೇ ಆತ್ಮೀಯತೆ. ಆದರೆ ಕೇಳುತ್ತಾ ಹೋದಂತೆ ಎದೆ ನಡುಗುತ್ತದೆ. ವೆಸ್ಕರನಲ್ಲಿ ಜೀವ ಉಳಿಸಿದ ಕಥನ ಪಿಂಟರನಲ್ಲಿ ಬೆದರಿಕೆಯಾಗುತ್ತದೆ. ಒಂದು ಪರಂಪರೆ ಜೀವಂತವಾಗಿದೆ ಎನ್ನಲು ಇದೂ ಒಂದು ಗುರುತು. ಅದನ್ನು ಪೂಜಿಸದೆ, ತಿರುಗಿಸಿ ನೋಡಬಲ್ಲ ಮಗ ಹುಟ್ಟಬೇಕು.

ವೈದ್ಯನಾಗಿ ಪೂರ್ವ ಲಂಡನ್ನಿನ ವಾರ್ಡುಗಳಲ್ಲಿ ತರಬೇತಿ ಪಡೆಯುತ್ತಿದ್ದ ವರ್ಷಗಳಲ್ಲಿ, ಯಿಡ್ಡಿಶ್ ಮನೆಗಳಲ್ಲಿ ಬೆಳೆದ ಕೆಲವು ವೃದ್ಧರನ್ನು ನಾನು ಕಂಡೆನು. ನೋವು ಎಲ್ಲಿ ಎಂದು ಕೇಳಿದರೆ ನೇರ ಉತ್ತರ ಬರುತ್ತಿರಲಿಲ್ಲ. ಉತ್ತರವು ಹಳೆಯ ಬಾಡಿಗೆಮನೆಯ ಯಜಮಾನನಿಂದ ಹೊರಟು, ಅಳಿಯನ ವ್ಯಾಪಾರವನ್ನು ಹಾದು, ಒಂದು ನಗೆಮಾತಿನಲ್ಲಿ ನಿಂತು, ಆಮೇಲೆ ಎದೆಯ ಎಡಭಾಗಕ್ಕೆ ಬರುತ್ತಿತ್ತು. ತಾಳ್ಮೆಯಿಂದ ಕೇಳಿದರೆ ರೋಗನಿದಾನಕ್ಕೆ ಬೇಕಾದ್ದೆಲ್ಲ ಅದರಲ್ಲಿ ಇರುತ್ತಿತ್ತು. ಅವರ ಮಾತು ಇಂಗ್ಲಿಷ್. ಮಾತಿನ ನಡಿಗೆ ಇಂಗ್ಲಿಷಿನದಲ್ಲ. ಈ ನಾಟಕಗಳನ್ನು ನೋಡಿದಾಗ ನನಗೆ ಆ ನಡಿಗೆಯೇ ಕೇಳಿಸಿತು.

ನಟನೆ, ಪ್ರೇತ, ಪಿಟೀಲು

ಪ್ರಭಾವವು ನಾಟಕ ರಚನೆಗೆ ಸೀಮಿತವಲ್ಲ. ಜೇಕಬ್ ಆಡ್ಲರನ ಮಗಳು ಸ್ಟೆಲ್ಲಾ ಆಡ್ಲರ್ ಬಾಲ್ಯದಿಂದಲೇ ಯಿಡ್ಡಿಶ್ ರಂಗದಲ್ಲಿ ಬೆಳೆದವಳು. 18ನೆಯ ವಯಸ್ಸಿನಲ್ಲಿ ತಂದೆಯ ತಂಡದೊಡನೆ ಲಂಡನ್ನಿನಲ್ಲಿಯೂ ಅಭಿನಯಿಸಿದವಳು. 1934ರಲ್ಲಿ ಪ್ಯಾರಿಸಿನಲ್ಲಿ ಸ್ತಾನಿಸ್ಲಾವ್‌ಸ್ಕಿಯಿಂದ ನೇರವಾಗಿ ಪಾಠ ಹೇಳಿಸಿಕೊಂಡು, 1949ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ನಟನಾಶಾಲೆ ತೆರೆದಳು. ಮಾರ್ಲನ್ ಬ್ರಾಂಡೊ ಆಕೆಯ ಶಿಷ್ಯನು. ನಟನು ತನ್ನ ಸ್ವಂತ ಗಾಯವನ್ನು ಕೆದಕುವುದಕ್ಕಿಂತ ಪಾತ್ರದ ಪರಿಸ್ಥಿತಿಯನ್ನು ಕಲ್ಪಿಸಿಕೊಳ್ಳಬೇಕೆಂಬುದು ಆಕೆಯ ಬೋಧನೆಯ ಸಾರ.

ಎಸ್. ಅನ್‌ಸ್ಕಿ ಎಂಬ ಲೇಖಕನು 1912ರಿಂದ 1914ರವರೆಗೆ ಉಕ್ರೇನಿನ ಹಳ್ಳಿಗಳಲ್ಲಿ ಸಂಚರಿಸಿ ಯಹೂದಿ ಜನಪದ ಕಥೆಗಳನ್ನು ಸಂಗ್ರಹಿಸಿದನು. ಅದರಿಂದ ಹುಟ್ಟಿದ ನಾಟಕ ‘ದಿಬ್ಬುಕ್’. ಸತ್ತ ಪ್ರಿಯಕರನ ಆತ್ಮ ಮದುವಣಗಿತ್ತಿಯ ಮೈಮೇಲೆ ಬಂದು ಅವಳ ಬಾಯಿಂದ ಮಾತಾಡುತ್ತದೆ. ವಿಲ್ನಾ ತಂಡವು 1920ರ ಡಿಸೆಂಬರಿನಲ್ಲಿ ಇದನ್ನು ವಾರ್ಸಾದಲ್ಲಿ ಪ್ರದರ್ಶಿಸಿತು. 1922ರಲ್ಲಿ ವಖ್ತಾಂಗೊವ್ ಮಾಸ್ಕೋದಲ್ಲಿ ಹೀಬ್ರೂ ಭಾಷೆಯಲ್ಲಿ ನಿರ್ದೇಶಿಸಿದನು. ಜನಪದ ಕಥೆಯನ್ನು ಆಧುನಿಕ ರಂಗಭಾಷೆಗೆ ತರುವ ಈ ಬಗೆ ನಮಗೂ ಪರಿಚಿತವೇ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಕಥೆಯೇ ಹೆಣ್ಣುರೂಪದಲ್ಲಿ ರಂಗಕ್ಕೆ ಬಂದು ತನ್ನನ್ನು ಹೇಳಿಕೊಳ್ಳುತ್ತದೆ. ಸಂಬಂಧವನ್ನು ಹೇಳುತ್ತಿಲ್ಲ, ಸಾಮ್ಯವನ್ನು ಹೇಳುತ್ತಿದ್ದೇನೆ.

ಇನ್ನು ‘ಫಿಡ್ಲರ್ ಆನ್ ದಿ ರೂಫ್’. ತೆವ್ಯೆಯ ಕಥೆಗಳನ್ನು ಆಧರಿಸಿದ ಈ ಸಂಗೀತನಾಟಕ 1964ರಲ್ಲಿ ಬ್ರಾಡ್‌ವೇಯಲ್ಲಿ ಆರಂಭವಾಗಿ 3,242 ಪ್ರದರ್ಶನ ಕಂಡಿತು. 1967ರಲ್ಲಿ ಲಂಡನ್ನಿಗೆ ಬಂದು ಎರಡು ಸಾವಿರ ಪ್ರದರ್ಶನಗಳನ್ನು ದಾಟಿತು. 2024ರಲ್ಲಿ ರೀಜೆಂಟ್ಸ್ ಪಾರ್ಕಿನ ಬಯಲು ರಂಗಮಂದಿರದಲ್ಲಿ, 2025ರಲ್ಲಿ ಬಾರ್ಬಿಕನ್ನಿನಲ್ಲಿ ಮತ್ತೆ ನಡೆಯಿತು. ತೆವ್ಯೆ ಪ್ರೇಕ್ಷಕರತ್ತ ತಿರುಗಿ ಮಾತಾಡುವುದು, ಆಕಾಶದತ್ತ ತಲೆಯೆತ್ತಿ ದೇವರೊಡನೆ ವಾದಿಸುವುದು, ಇವೆಲ್ಲ ಮೂಲದ ಕಥನಕ್ರಮದ ನೇರ ಸಂತಾನ. ಆದರೆ ಮೂಲದಲ್ಲಿ ಒಬ್ಬ ಮಗಳು ನೀರಿಗೆ ಬಿದ್ದು ಸಾಯುತ್ತಾಳೆ; ಹೆಂಡತಿಯೂ ತೀರಿಕೊಳ್ಳುತ್ತಾಳೆ. ಸಂಗೀತನಾಟಕದಲ್ಲಿ ಈ ಎರಡು ಸಾವುಗಳಿಲ್ಲ. ಭಾಷೆಯನ್ನು ಬಿಟ್ಟು ಬಂದ ಕಥೆ ಸ್ವಲ್ಪ ದುಃಖವನ್ನೂ ಗಡಿಯಾಚೆ ಬಿಟ್ಟು ಬರುತ್ತದೆ.

ನಮ್ಮ ಪಾಲಿನ ಪ್ರಶ್ನೆ

ಯಿಡ್ಡಿಶ್ ಭಾಷೆ ಲಂಡನ್ನಿನಲ್ಲಿ ಸತ್ತಿಲ್ಲವೆಂಬುದನ್ನೂ ಹೇಳಬೇಕು. ಸ್ಟಾಮ್‌ಫರ್ಡ್ ಹಿಲ್‌ನ ಹಸಿದಿಕ್ ಸಮುದಾಯದ ಮಕ್ಕಳು ಇಂದಿಗೂ ಬೀದಿಯಲ್ಲಿ ಆ ಭಾಷೆಯಲ್ಲಿಯೇ ಜಗಳವಾಡುತ್ತಾರೆ. ಆದರೆ ಅವರ ಜೀವನದಲ್ಲಿ ಇಂಥ ರಂಗಭೂಮಿಗೆ ಎಡೆಯಿಲ್ಲ. ಒಂದೆಡೆ ನಾಟಕವಿಲ್ಲದ ಭಾಷೆ, ಇನ್ನೊಂದೆಡೆ ಭಾಷೆಯಿಲ್ಲದ ನಾಟಕ. ಎರಡೂ ಒಂದೇ ನಗರದಲ್ಲಿ, ಒಂದಕ್ಕೊಂದು ಬೆನ್ನುಮಾಡಿ ನಿಂತಿವೆ.

ನಮಗೆ ಇದರಿಂದ ಎರಡು ಪಾಠಗಳಿವೆ ಎಂದು ನನ್ನ ಭಾವನೆ. ಮೊದಲನೆಯದು, ಉಳಿಯುವುದು ಕಲಬೆರಕೆಯಿಲ್ಲದ ಶುದ್ಧ ಭಾಷೆಯೇ ಆಗಬೇಕೆಂದಿಲ್ಲ. 1910ರ ಆಸುಪಾಸಿನಲ್ಲಿ ಇದೇ ಲಂಡನ್ನಿನಲ್ಲಿ ಭೂವಿಜ್ಞಾನ ಓದುತ್ತಿದ್ದ ಟಿ. ಪಿ. ಕೈಲಾಸಂ ಊರಿಗೆ ಮರಳಿ, ಇಂಗ್ಲಿಷ್ ಬೆರೆತ ಬೆಂಗಳೂರಿನ ಮನೆಮಾತನ್ನೇ ರಂಗಕ್ಕೆ ತಂದರು. ಅದನ್ನು ಕೇಳಿ ಮೂಗು ಮುರಿದವರಿದ್ದರು. ಆಧುನಿಕ ಕನ್ನಡ ನಾಟಕ ನಡೆದದ್ದು ಆ ದಾರಿಯಲ್ಲಿಯೇ. ನಮ್ಮ ಮಕ್ಕಳ ಬೆರಕೆ ಮಾತನ್ನು ಕೇಳಿ ನಕ್ಕು ಅವರ ಬಾಯಿ ಮುಚ್ಚಿಸುವ ಮುನ್ನ ಇದನ್ನು ನೆನೆಯಬೇಕು.

ಎರಡನೆಯದು ಅಷ್ಟು ಹಿತವಾದದ್ದಲ್ಲ. ವೆಸ್ಕರ್, ಪಿಂಟರ್ ಇಂಗ್ಲಿಷಿನಲ್ಲಿ ಬರೆದರೂ ಪರಂಪರೆ ಉಳಿಯಿತಲ್ಲ, ಹಾಗೆಯೇ ನಮ್ಮದೂ ಉಳಿದೀತು ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಅವರು ಆ ಧಾಟಿಯನ್ನು ಪಡೆದದ್ದು ಅದನ್ನು ಪ್ರತಿದಿನ ಅಡುಗೆಮನೆಯಲ್ಲಿ ಕೇಳಿದ್ದರಿಂದ. ಅವರ ಮೊಮ್ಮಕ್ಕಳ ಕಾಲಕ್ಕೆ ಕೇಳಿಸಲು ಯಾರೂ ಇರಲಿಲ್ಲ. ಭಾಷೆ ಹೋದ ಮೇಲೆ ಕಥನಕ್ರಮ ಒಂದು ತಲೆಮಾರಿನವರೆಗೆ ತಾನಾಗಿಯೇ ನಡೆಯುತ್ತದೆ; ಅದರಾಚೆಗೆ ಯಾರಾದರೂ ಕೂತು ಹೇಳಿದರೆ ಮಾತ್ರ.

1912ರ ಫೆಬ್ರವರಿಯಲ್ಲಿ ಕಾಫ್ಕಾ ಪ್ರಾಗ್ ನಗರದ ಜರ್ಮನ್ ಮಾತಾಡುವ ಯಹೂದಿಗಳ ಮುಂದೆ ಯಿಡ್ಡಿಶ್ ಕುರಿತು ಒಂದು ಭಾಷಣ ಮಾಡಿದನು. ತಮಗೆ ತಿಳಿಯದೆಂದು ಅವರು ದೂರವಿಟ್ಟ ಆ ಭಾಷೆ ಅವರೆಣಿಸಿದ್ದಕ್ಕಿಂತ ಹೆಚ್ಚು ಅವರಿಗೆ ತಿಳಿಯುತ್ತದೆ ಎಂಬುದು ಅದರ ತಾತ್ಪರ್ಯ. ನಮ್ಮ ಮಕ್ಕಳ ವಿಷಯದಲ್ಲಿಯೂ ಇದು ನಿಜವೆಂದು ನಾನು ನಂಬಿದ್ದೇನೆ. ಕನ್ನಡ ಬರುವುದಿಲ್ಲವೆನ್ನುವ ಹುಡುಗಿ, ಅಜ್ಜಿ ಫೋನಿನಲ್ಲಿ ಹೇಳಿದ ಚಾಡಿಗೆ ಸರಿಯಾದ ಜಾಗದಲ್ಲಿಯೇ ನಗುತ್ತಾಳೆ. ಆ ನಗು ಇರುವವರೆಗೆ ಕಥೆ ಹೇಳುವವರಿಗೆ ಕೆಲಸವಿದೆ. ವ್ಯಾಕರಣ ಆಮೇಲೆ ಬರಲಿ. ಇಂದು ರಾತ್ರಿ ಮನೆಗೆ ಹೋಗಿ ನಮ್ಮ ನಮ್ಮ ಊರಿನ ಒಂದು ಕಥೆಯನ್ನು, ಬಂದಂಥ ಕನ್ನಡದಲ್ಲಿ, ಮಕ್ಕಳಿಗೆ ಹೇಳೋಣ ಎಂದು ಬೇಡಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.